ಕಡಬವನ್ನು ಮೂರು ಪಾಲು ಮಾಡಿದ ಚುನಾವಣೆ

ಕಡಬದ ನೀಲಾವತಿ ಬೀಡಿ ಕಟ್ಟಿಯೇ ಮಕ್ಕಳನ್ನು ಸಾಕಿದವರು. ಕಟ್ಟಿ ಒಯ್ದ ಬೀಡಿಯಲ್ಲಿ ಗುತ್ತಿಗೆದಾರ ಹಿಡಿ ಹಿಡಿಯಾಗಿ ‘ಸರಿಯಿಲ್ಲ’ ಎಂದು ಬದಿಗಿಡುತ್ತಿದ್ದ. ಅದಕ್ಕೆ ಮಜೂರಿ ಇಲ್ಲ, ಆದರೆ ಅದನ್ನೂ ಮಾರಿಕೊಳ್ಳುತ್ತಿದ್ದ. ಬೀಡಿ ಕಟ್ಟುವವರ ಸಂಘದ ಅಧ್ಯಕ್ಷ, ಪುತ್ತೂರಿನ ಶೀನಪ್ಪ, ಕಂಡೂ ಬಾಯಿಬಿಡಲಿಲ್ಲ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಕಟ್ಟಿದ ಮನುಷ್ಯನಲ್ಲ ಅವರು. ೧೯೭೯ರಲ್ಲಿ ನೀಲಾವತಿ ಅವರೆದುರು ಚುನಾವಣೆಗೆ ನಿಂತರು.

ಹೆಚ್ಚು ಜನ ವೋಟು ಹಾಕಿದ್ದು ನೀಲಾವತಿಗೆ. ಗೆದ್ದದ್ದು ಶೀನಪ್ಪ. ಸಂಘದ ನಿಯಮ ಹಾಗಿತ್ತು: ತಾಲೂಕಿಗೊಂದೇ ವೋಟು, ಅಲ್ಲಿ ಮುಂದೆ ಬಂದವರಿಗೆ ಅದು ಪೂರ್ತಿ. ಸಂಘದಲ್ಲಿದ್ದ ಮೂರು ತಾಲೂಕುಗಳಲ್ಲಿ ಸುಳ್ಯ ಇಡಿಯಾಗಿ ನೀಲಾವತಿಯ ಕಡೆ ಬಂತು. ಪುತ್ತೂರು, ಬಂಟ್ವಾಳ ಸ್ವಲ್ಪದರಲ್ಲಿ ತಪ್ಪಿದವು. ಕಡಬ ಆಗ ಪುತ್ತೂರು ತಾಲೂಕಿನಲ್ಲಿತ್ತು. ಅಲ್ಲಿಯವರ ವೋಟೆಲ್ಲ ಪೇಟೆಯವರ ವೋಟಿನಡಿ ಮುಳುಗಿತು.

ನೀಲಾವತಿಗೆ ಸೋತದ್ದಕ್ಕಿಂತ ಹೆಚ್ಚಾಗಿ ಈ ಮೋಸ ನುಂಗಲಾಗಲಿಲ್ಲ. ತಲೆಗೊಂದು ವೋಟು ಎಂದರೆ ಮುಖಂಡರು ಒಪ್ಪಲಾರರೆಂದು ಗೊತ್ತಿತ್ತು. ತಾಲೂಕಿನ ಲೆಕ್ಕವನ್ನಾದರೂ ಬಿಡಿ ಎಂದು ಕೇಳಿದರು: ಕಡಬ, ಉಪ್ಪಿನಂಗಡಿ, ನರಿಮೊಗರು, ಕಬಕ ಹೀಗೆ ಸೀಮೆಗಳಾಗಲಿ, ಬೀಡಿ ಕಟ್ಟುವವರು ಎಷ್ಟಿದ್ದಾರೋ ಅದಕ್ಕೆ ತಕ್ಕಷ್ಟು ವೋಟು ಆ ಸೀಮೆಗಿರಲಿ. ಊರೂರು ತಿರುಗಿ ಹೆಂಗಸರನ್ನು ಒಪ್ಪಿಸಿದರು. ಹಲವು ವರ್ಷ ಸಭೆಯಲ್ಲಿ ನಕ್ಕ ಮುಖಂಡರು ೧೯೮೪ರಲ್ಲಿ ಬೇರೆ ದಾರಿಯಿಲ್ಲದೆ ಒಪ್ಪಿದರು.

ಆದರೆ ಗಡಿ ಹಾಕಿದ್ದು ಶೀನಪ್ಪನ ಜನ. ಹೊಸ ಸೀಮೆಗಳನ್ನು ಸಭೆಯಲ್ಲಿ ಓದಿದಾಗ ಕಡಬದ ಒಂದು ಪಾಲು ಪುತ್ತೂರು ಪೇಟೆಗೆ, ಒಂದು ಉಪ್ಪಿನಂಗಡಿಗೆ, ಉಳಿದದ್ದು ಸುಳ್ಯಕ್ಕೆ ಹೋಗಿತ್ತು.

ನೀಲಾವತಿ ಎದ್ದು ನಿಂತು, “ಕಡಬ ಎಲ್ಲಿ ಉಂಟು?” ಎಂದು ಕೇಳಿದರು.

“ಮೂರೂ ಕಡೆ ಉಂಟಲ್ಲ ನೀಲಾವತಿಯಕ್ಕ, ಇನ್ನೆಂತ ಬೇಕು?” ಎಂದರು ಶೀನಪ್ಪ.

“ಕೋಳಿ ಕೊಯ್ದು ಮೂರು ಮನೆಗೆ ಹಂಚಿ, ಮೂರು ಮನೆಯಲ್ಲೂ ಕೋಳಿ ಉಂಟು ಅಂತ ಹೇಳುದಾ ನೀವು?”

ಯಾರೂ ನಗಲಿಲ್ಲ. ನೀಲಾವತಿ ಹೊರನಡೆದರು; ಕಡಬದ ಹೆಂಗಸರು ಹಿಂದೆಯೇ ಎದ್ದು ಹೋದರು. ಆ ಸಲದ ಚುನಾವಣೆಯಲ್ಲಿ ಅವರಲ್ಲೊಬ್ಬರೂ ವೋಟು ಹಾಕಲಿಲ್ಲ. ಶೀನಪ್ಪ ಪುನಃ ಅಧ್ಯಕ್ಷರಾಗಿ ಹಾರ ಹಾಕಿಸಿಕೊಂಡರು.

ಕಡಬದವರು ತಮ್ಮದೇ ಸಂಘ ಕಟ್ಟಿ, ಕೈಯೆತ್ತಿ ನೀಲಾವತಿಯನ್ನು ಆರಿಸಿದರು. ಬದಿಗಿಟ್ಟ ಬೀಡಿಯನ್ನು ಕಟ್ಟಿದವರಿಗೇ ವಾಪಸು ಕೊಡುವವರೆಗೆ ಯಾರೂ ಎಲೆ ಮುಟ್ಟಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಗುತ್ತಿಗೆದಾರ ಬಗ್ಗಿದ. ಪುತ್ತೂರಿನ ಹೆಂಗಸರಿಗೆ ಮಾತ್ರ ಅದೇ ಅನ್ಯಾಯ ಮುಂದುವರಿಯಿತು. ನಿಮ್ಮ ಕೆಲಸ ಆಯಿತಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ನೀಲಾವತಿ ಸಿಡುಕುತ್ತಿದ್ದರು: ಅವರ ಬೀಡಿಯೇನು ಬೇರೆ ಎಲೆಯದ್ದೇ?