ಅಳಿಯನ ನೇರ ಗೆರೆ

ಟೆಕ್ಸಸ್ಸಿನಲ್ಲಿ ಬಹಳ ವರ್ಷ ಇದ್ದವರಿಗೆ ಜಗತ್ತಿನ ಯಾವ ದೂರವನ್ನಾದರೂ ಡ್ರೈವಿಂಗಿನ ಲೆಕ್ಕದಲ್ಲಿ ಅಳೆಯುವ ಕಾಯಿಲೆ ಅಂಟಿಕೊಳ್ಳುತ್ತದೆ. ನನ್ನ ಅಳಿಯನಿಗೆ ಅದು ವಾಸಿಯಾಗದಷ್ಟು ಅಂಟಿದೆ. ಮದುವೆಗೆ ಮುಂಚೆ ಅವನು ಡಲ್ಲಾಸಿನ ಆಚೆ ಮರ್ಫಿಯಲ್ಲಿದ್ದ, ಮಗಳು ಹೂಸ್ಟನ್ನಿನ ಈಚೆ ಕೇಟಿಯಲ್ಲಿ ನಮ್ಮ ಜೊತೆ. ಶನಿವಾರ ಬಂತೆಂದರೆ ನಾಲ್ಕೂವರೆ ಗಂಟೆ ಕಾರು ಓಡಿಸಿಕೊಂಡು ಬಂದು, ಊಟದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತು, "ಹೀಗೇ ಈ ಕಡೆ ಬಂದಿದ್ದೆ ಆಂಟಿ" ಅನ್ನುತ್ತಿದ್ದ.

ಮದುವೆಯಾದ ಮೇಲೆ ಡಾಕ್ಟರಾದ ಮಗಳು ಒಂದು ವರ್ಷಕ್ಕೆಂದು ಅಲಾಸ್ಕಾದ ಉತ್ತರ ತುದಿಯ ಕಡಲತೀರದ ಒಂದು ಹಳ್ಳಿಯ ಆಸ್ಪತ್ರೆಗೆ ಹೋದಳು. ಇವನು ಸುಮ್ಮನಿದ್ದಾನೆಯೇ? ಅದೇ ತೀರದ ಇನ್ನೊಂದು ಹಳ್ಳಿಯಲ್ಲಿ ಎಂಜಿನಿಯರ್ ಕೆಲಸ ಹಿಡಿದ. ಎರಡೂ ಊರುಗಳ ನಡುವಿನ ವಿಮಾನದ ದೂರವನ್ನು ಫೋನಿನಲ್ಲಿ ತೆಗೆದು ತೋರಿಸಿದ. ಎರಡು ಚುಕ್ಕೆ, ನಡುವೆ ನೇರವಾದ ಒಂದು ಗೆರೆ.

"ಡಲ್ಲಾಸ್‌ನಿಂದ ಹೂಸ್ಟನ್‌ಗೆ ಇರೋದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅತ್ತೆ. ವೀಕೆಂಡ್ ವೀಕೆಂಡ್ ಹೋಗಿ ಬರ್ತೀನಿ."

"ರೋಡ್ ಇದ್ಯೇನಪ್ಪಾ?"

"ಫ್ಲೈಟ್ ಇರತ್ತೆ ಬಿಡಿ."

ವೆಬ್‌ಸೈಟನ್ನು ವೇದದಂತೆ ನಂಬುವ ನನ್ನ ಗಂಡನೂ ತಲೆಯಾಡಿಸಿದರು.

ಆ ಗೆರೆಯ ಮೇಲೆ ಒಂದು ವಿಮಾನವೂ ಹಾರುವುದಿಲ್ಲವೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ದಕ್ಷಿಣದ ದೊಡ್ಡ ಊರಿಗೆ ಇಳಿದು, ಅಲ್ಲಿ ಕಾದು, ಮತ್ತೆ ಮೇಲಕ್ಕೆ ಹಾರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ. ಒಂದೆರಡು ಸಲ ಹೊರಟವನು ಹವಾಮಾನ ಕೆಟ್ಟು ಅರ್ಧ ದಾರಿಯಿಂದಲೇ ವಾಪಸಾದ. ನಾನು ಫೋನಿನಲ್ಲಿ, "ಏನಮ್ಮಾ, ವೀಕೆಂಡ್ ಗಂಡ ಬಂದ್ನಾ?" ಎಂದು ರೇಗಿಸುತ್ತಿದ್ದೆ. ಒಂದು ದಿನ ಅವಳು ಸಣ್ಣ ದನಿಯಲ್ಲಿ, "ಅಮ್ಮಾ, ಹಿ ಈಸ್ ಸೋ ಕ್ಲೋಸ್" ಎಂದಳು. ಅಂದಿನಿಂದ ರೇಗಿಸುವುದನ್ನು ಬಿಟ್ಟೆ.

ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆನೀರು ಹಾಕಬೇಕಲ್ಲ. "ಹೇಗೂ ದಕ್ಷಿಣಕ್ಕೆ ಬರ್ಲೇಬೇಕು, ಇನ್ನೊಂಚೂರು ಕೆಳಗಡೆ ಬನ್ನಿ" ಎಂದು ಇಬ್ಬರಿಗೂ ಅಪ್ಪಣೆ ಮಾಡಿದೆ. ಆ ಒಂಚೂರಿನಲ್ಲಿ ಇಡೀ ಕೆನಡಾ ಅಡಗಿತ್ತು, ಇರಲಿ.

ಇಬ್ಬರ ಡ್ಯೂಟಿ ಮುಗಿಯುವ ಹೊತ್ತು ಬೇರೆಯಾದ್ದರಿಂದ ಒಂದೇ ದಿನ, ಆದರೆ ಬೇರೆ ಬೇರೆ ವಿಮಾನದಲ್ಲಿ ಬಂದರು. ಕರೆತರಲು ನಾನು ಹೂಸ್ಟನ್ನಿನ ಏರ್‌ಪೋರ್ಟಿಗೆ ಹೋಗಿದ್ದೆ. ಮೊದಲು ಇಳಿದವನು ಅಳಿಯ. ನನ್ನ ಕಾಲಿಗೆ ನಮಸ್ಕಾರ ಮಾಡುವಾಗಲೂ ಕಣ್ಣು ವಿಮಾನಗಳ ಹೊತ್ತು ತೋರಿಸುವ ಬೋರ್ಡಿನ ಮೇಲೆಯೇ.

"ನಾವು ಮನೆಗೆ ಹೋಗೋಣ್ವಾ? ಅವಳು ಟ್ಯಾಕ್ಸಿ ಮಾಡ್ಕೊಂಡು ಬರ್ತಾಳೆ" ಎಂದೆ.

ನಿಜವೆಂದೇ ನಂಬಿದ, ಪಾಪ. "ಪರವಾಗಿಲ್ಲ ಅತ್ತೆ, ನೀವು ಕಾಫಿ ಕುಡಿದು ಹೋಗಿರಿ. ನಾನು ಕಾಯ್ತೀನಿ" ಎಂದು ನನಗೆ ಕಾಫಿ ತರಲು ಹೋದ.

ಅಷ್ಟರಲ್ಲಿ ಮಗಳು ಬಂದಳು. ಬಡವಾಗಿದ್ದಳು. ಎಷ್ಟೋ ತಿಂಗಳ ಮೇಲೆ ನೋಡುತ್ತಿದ್ದೇನೆ, ಎರಡೂ ತೋಳು ಚಾಚಿ ಮುಂದೆ ಹೋದೆ. ಅವಳು ಮೈಮೇಲಿನ ದಪ್ಪ ಕೋಟು ಬಿಚ್ಚಿ ಆ ತೋಳುಗಳ ಮೇಲೆ ಹಾಕಿ, "ವೇರ್ ಈಸ್ ಹಿ, ಅಮ್ಮಾ?" ಎಂದಳು. ಕಾಫಿ ಅಂಗಡಿಯ ಕಡೆ ಕತ್ತು ತಿರುಗಿಸಿದೆ, ಅಷ್ಟೇ. ಓಡಿಹೋದಳು.

ಹೂಸ್ಟನ್ನಿನ ಸೆಖೆಯಲ್ಲಿ ನಾನು ಕೋಟನ್ನು ಅಪ್ಪಿಕೊಂಡು ನಿಂತೆ.