ಕೊಂಡಿ ಹಾಕುವಾಗ ಆಡಿದ ಮಾತು

ಇಳಕಲ್ಲಿನ ನೇಕಾರ ಅಮಾತೆಪ್ಪನಿಗೆ ತಲೆ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ಅವನ ಸೊಸೆ ಗುರುಲಿಂಗವ್ವ. ಕಂಡುಹಿಡಿದಳು, ಆದರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಓಣಿಯ ಹಿರಿಯರು ಸೇರಿ ಮುದುಕನನ್ನು ಕಂಬಕ್ಕೆ ಕಟ್ಟಿ, ನೆತ್ತಿಗೆ ಬರೆ ಹಾಕಿಸಿ, ತಮ್ಮ ಕೆಲಸ ಮುಗಿಯಿತೆಂದು ಮನೆಗೆ ಹೋಗಿ ಉಣ್ಣುತ್ತಿದ್ದರು. ಹುಚ್ಚಿಗೆ ಆಗ ನಮ್ಮ ಕಡೆ ಗೊತ್ತಿದ್ದ ಮದ್ದು ಅದೊಂದೇ.

ಪ್ಲೇಗು ಬಂದು ಹೋದ ಮರುವರ್ಷದ ಮಾತಿದು. ಪ್ಲೇಗಿಗೆ ಅಂಜಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಮಾತೆಪ್ಪನ ಹೆಂಡತಿ ಸಂಗವ್ವ ಆ ಗುಡಿಸಲಿನಲ್ಲೇ ತೀರಿಕೊಂಡಳು. ಅದೇ ತಿಂಗಳು ಗುರುಲಿಂಗವ್ವನ ಹನ್ನೊಂದು ದಿನದ ಗಂಡುಕೂಸು ಮೊಲೆ ಕಚ್ಚುವುದನ್ನು ಬಿಟ್ಟಿತು, ಆಮೇಲೆ ಉಸಿರಾಡುವುದನ್ನೂ ಬಿಟ್ಟಿತು. ಮಾವ ಅಳಲಿಲ್ಲ, ಸೊಸೆಯೂ ಅಳಲಿಲ್ಲ. ದಿನಕ್ಕೊಂದು ಹೆಣ ಎತ್ತುವ ಜಾಗದಲ್ಲಿ ಯಾರ ಅಳುವನ್ನು ಯಾರು ಕೂತು ಕೇಳಬೇಕು? ರೋಗ ನಿಂತ ಮೇಲೆ ಎಲ್ಲರೂ ಮನೆಗೆ ಬಂದರು, ಕಸ ಗುಡಿಸಿದರು, ಮಗ್ಗ ಹೂಡಿದರು.

ಇಳಕಲ್ಲಿನ ಸೀರೆಯಲ್ಲಿ ಒಬ್ಬರ ಕೈಯಿಂದ ಆಗದ ಕೆಲಸವೊಂದಿದೆ. ಸೀರೆಯ ಒಡಲು ಹತ್ತಿಯ ನೂಲು, ಸೆರಗು ಕೆಂಪು ರೇಷ್ಮೆ. ಎರಡಕ್ಕೂ ಹಾಸು, ಎಂದರೆ ಉದ್ದನೆಯ ಎಳೆಗಳು, ಬೇರೆ ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕುಣಿಕೆ ತೊಡಿಸಿ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಇಬ್ಬರು ಎದುರುಬದುರು ಕೂತು, ಒಬ್ಬರು ಕೊಡುತ್ತ ಒಬ್ಬರು ಹಿಡಿಯುತ್ತ, ‘ತಗೋ’, ‘ಹೂಂ’ ಅನ್ನುತ್ತ ಸಾಗಬೇಕು. ಬಾಯಿ ನಿಂತಿತೋ, ಕೈ ತಪ್ಪಿತು. ಮೂವತ್ತು ವರ್ಷ ಅಮಾತೆಪ್ಪನ ಎದುರು ಕೂತವಳು ಸಂಗವ್ವ. ಮಗ ರಾಚಪ್ಪ ಸೀರೆಯ ಗಂಟು ಹೊತ್ತು ಹುನಗುಂದ, ಬಾಗಲಕೋಟೆ ಎಂದು ಸಂತೆ ತಿರುಗುವವನು. ಹೀಗಾಗಿ ಈಗ ಆ ಜಾಗದಲ್ಲಿ ಸೊಸೆ ಕೂರಬೇಕಾಯಿತು. ಅವಳು ಗುಡೂರಿನ ಒಕ್ಕಲುಮನೆತನದ ಹುಡುಗಿ. ಮದುವೆಯಾಗಿ ಬರುವ ತನಕ ಮಗ್ಗದ ಮುಖ ಕಂಡವಳಲ್ಲ. ಅತ್ತೆಯೇ ಬೈದು, ನಗಿಸಿ, ಎಲ್ಲವನ್ನೂ ಕಲಿಸಿದ್ದಳು.

ಕೈಗೇನೋ ಕೆಲಸ ಬರುತ್ತಿತ್ತು, ಬಾಯಿ? ಮಾವನ ಮುಂದೆ ಸೊಸೆ ಮಾತಾಡುವುದುಂಟೇ! ಎಣ್ಣೆ ತೀರಿದರೆ ಸೊಸೆ ಗೋಡೆಯ ಕಡೆ ತಿರುಗಿ ‘ಎಣ್ಣಿ ತೀರೇತಂತ’ ಎನ್ನಬೇಕು. ಮಾವ ಗೋಡೆಗೇ ‘ತಂದರಾತು’ ಎಂದು ಉತ್ತರ ಕೊಡಬೇಕು. ಅವಳು ಈ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಅವರಿಬ್ಬರೂ ನೇರವಾಗಿ ಒಂದು ಅಕ್ಷರ ಆಡಿದವರಲ್ಲ. ಮೊದಲ ದಿನ ಮುಸುಕು ಹೊದ್ದು, ತುಟಿ ಬಿಗಿದು ಕೊಂಡಿ ಹಾಕಿದ್ದಕ್ಕೆ ಒಂದು ಗೇಣಿನಷ್ಟು ಎಳೆ ಅದಲು ಬದಲಾಗಿ, ಸಂಜೆಯ ತನಕ ಬಿಚ್ಚುವುದೇ ಆಯಿತು.

ಎರಡನೆಯ ದಿನ ಮುದುಕ ಎಳೆಯೊಂದನ್ನು ಮುಂದೆ ಚಾಚಿ, “ತಗೋ, ರಾಚನವ್ವ,” ಎಂದ.

ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಅವನ ಕಾಲದ ಗಂಡಸರಿಗಿರಲಿಲ್ಲ. ಸಂಗವ್ವನನ್ನು ಅವನು ಮಗ ಹುಟ್ಟಿದಂದಿನಿಂದ ಕರೆಯುತ್ತಿದ್ದುದೇ ಹಾಗೆ, ರಾಚನ ಅವ್ವ ಎಂದು. ಗುರುಲಿಂಗವ್ವ ಮುಸುಕಿನೊಳಗಿಂದ ನೋಡಿದರೆ ಮುದುಕನ ಮುಖದಲ್ಲಿ ಯಾವ ಗಾಬರಿಯೂ ಇಲ್ಲ. ಎಳೆ ಹಿಡಿದು ಉತ್ತರಕ್ಕೆ ಕಾಯುತ್ತಿದ್ದಾನೆ. ಪಾಪ, ಹೆಂಡತಿ ಸತ್ತದ್ದು ಇವನ ತಲೆಗೆ ಇಳಿದೇ ಇಲ್ಲ ಎಂದುಕೊಂಡಳು. ಸುಮ್ಮನಿದ್ದರೆ ಇನ್ನೊಮ್ಮೆ ಜೋರಾಗಿ ಕರೆದಾನು, ಪಕ್ಕದ ಮನೆಯವರಿಗೆ ಕೇಳಿಸೀತು. “ಹೂಂ, ತರ್ರಿ,” ಎಂದುಬಿಟ್ಟಳು. ಅಂದು ಕೊಂಡಿ ಎಲ್ಲೂ ತಪ್ಪಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಕೊಂಡಿಗೆ ಕೂತಾಗಲೆಲ್ಲ ಅವನು ಕರೆಯುವುದು, ಇವಳು ಓಗೊಡುವುದು. ತಲೆ ಕೆಟ್ಟವನ ಸಮಾಧಾನಕ್ಕೆ ಎರಡು ಸುಳ್ಳು ಆಡಿದರೆ ಯಾವ ಪಾಪ ಬಂದೀತು? ಮೊದಲು ಬರೀ ಹೂಂ, ಆಮೇಲೆ ಎರಡು ಮಾತು, ಆಮೇಲೆ ರೊಟ್ಟಿ ಬಿಟ್ಟು ಎದ್ದದ್ದಕ್ಕೆ ಅತ್ತೆಯದೇ ಗತ್ತಿನಲ್ಲಿ ಬೈಗುಳ. ಬೈಸಿಕೊಂಡ ದಿನ ಮುದುಕ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದ. ಅವಳಿಗೆ ಅದೇ ದೊಡ್ಡ ಸಮಾಧಾನ.

ಒಂದು ದಿನ ತಾನು ಏನು ಹೇಳಹೊರಟಿದ್ದೇನೆಂದು ತಿಳಿಯುವ ಮೊದಲೇ ಅವಳ ಬಾಯಿಂದ ಮಾತು ಬಿದ್ದುಹೋಯಿತು. “ನಿಮ್ಮ ಸೊಸಿ ಕೂಸು ಕಳಕೊಂಡು ಎಂಟು ತಿಂಗಳಾತು. ಆಕಿನ್ನ ಒಬ್ಬರರ ಒಂದು ಮಾತು ಕೇಳಿದ್ರೇನ್ರಿ?”

ಮುದುಕನ ಕೈ ನಿಂತಿತು.

“ಕೇಳಬೇಕಾಗಿತ್ತು, ರಾಚನವ್ವ. ಹೆಂಗ ಕೇಳಬೇಕು ಅನ್ನೂದ ತಿಳೀಲಿಲ್ಲ. ಆ ಕೂಸಿನ್ನ ಮಣ್ಣಾಗ ಇಟ್ಟಾಂವ ನಾನ. ಅವತ್ತಿನಿಂದ ಕೈ ನಡಗ್ತಾವ ಅಂತ ಆಕಿಗೆ ಹೇಳು.”

“ಹೇಳ್ತೇನಿ,” ಎಂದಳು. ಅಂದಿನಿಂದ ಅವಳು ಕೊಂಡಿ ಹಾಕುವ ದಿನಕ್ಕಾಗಿ ಕಾಯತೊಡಗಿದಳು. ಓಣಿ ತುಂಬ ಶಾಣ್ಯಾರಿದ್ದರು, ಅವಳ ಮಗುವಿಗಾಗಿ ಮರುಗಿದವನು ಮಾತ್ರ ಈ ಹುಚ್ಚನೊಬ್ಬನೇ. ಅವಳಿಗೆ ಮುದುಕನ ಮೇಲೆ ಪ್ರೀತಿ ಉಕ್ಕಿತು.

ಪಕ್ಕದ ಮನೆಯ ಲಾಡಬಿ ರೇಷ್ಮೆ ಎಳೆ ಸುತ್ತಿ ಕೊಡುವವಳು. ಒಂದು ಮಧ್ಯಾಹ್ನ ಸುತ್ತಿದ ಲಡಿ ಕೊಡಲು ಬಂದವಳಿಗೆ ಒಳಗೆ ಸತ್ತ ಸಂಗವ್ವ ನಗುತ್ತಿರುವುದು ಕೇಳಿಸಿತು. ಇಣುಕಿ ನೋಡಿದಳು, ನಗುತ್ತಿದ್ದವಳು ಗುರುಲಿಂಗವ್ವ. ಲಾಡಬಿ ಕೆಟ್ಟವಳಲ್ಲ, ಒಬ್ಬರಿಗೆ ಮಾತ್ರ ಹೇಳಿದಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು, ವಾರದೊಳಗೆ ಶಿರೂರಿನಿಂದ ಅಮಾತೆಪ್ಪನ ಅಕ್ಕ ಬಂದು ಇಳಿದಳು.

ಅಕ್ಕನ ತೀರ್ಪು ಕೇಳಿ. ತಮ್ಮನದು ತಪ್ಪಿಲ್ಲವಂತೆ, ಸತ್ತ ಹೆಂಡತಿ ಸೊಸೆಯ ಮೈಮೇಲೆ ಬಂದು ಕಿವಿಯ ಹತ್ತಿರ ಮಾತಾಡಿದರೆ ಯಾವ ಗಂಡಸಾದರೂ ಉತ್ತರ ಕೊಟ್ಟಾನು. ತಪ್ಪು, ಸತ್ತವರು ಯಾರ ಬಾಯಿಂದ ಮಾತಾಡುತ್ತಾರೋ ಅವಳದು. ಅವಳನ್ನು ಗುಡೂರಿಗೆ ತವರಿಗೆ ಕಳಿಸಬೇಕು, ರಾಚಪ್ಪನಿಗೆ ಬೇರೆ ಹುಡುಗಿ ನೋಡಬೇಕು. ಶಿರೂರಿನಲ್ಲಿ ಒಬ್ಬಳಿದ್ದಾಳೆ ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಸೇರಿಸಿದಳು.

ರಾಚಪ್ಪ ಕಲ್ಲೆದೆಯವನೇನಲ್ಲ. ಆದರೆ ‘ರಾಚನವ್ವ’ ಎಂದು ಕರೆದರೆ ತನ್ನ ಹೆಂಡತಿ ಓಗೊಡುತ್ತಾಳೆ ಎಂದು ಕೇಳಿದ ಗಂಡನಿಗೆ ಹೇಗಾಗಬೇಡ? ಅವಳು ಬಡಿಸಲು ಬಂದರೆ ತಾಟನ್ನು ಹಿಂದಕ್ಕೆ ಎಳೆದುಕೊಳ್ಳತೊಡಗಿದ. ಕೊನೆಗೆ ಎದುರಿಗೆ ನಿಲ್ಲಿಸಿ, “ಖರೆ ಹೇಳು, ನೀ ಯಾರು?” ಎಂದು ಕೇಳಿದ.

ಗುರುಲಿಂಗವ್ವನ ಬಳಿ ಉತ್ತರವಿತ್ತು. ‘ಹುಚ್ಚು ನಿಮ್ಮಪ್ಪಗ, ಆತನ ಸಮಾಧಾನಕ್ಕ ಮಾತಾಡಿದೆ’ ಎಂದರೆ ಅವಳು ಆ ಕ್ಷಣವೇ ಉಳಿಯುತ್ತಿದ್ದಳು. ಕಂಬ, ಹಗ್ಗ, ಬರೆಯ ಕಬ್ಬಿಣ ಮುದುಕನ ಪಾಲಾಗುತ್ತಿದ್ದವು. ಅವಳು ಆ ಮಾತನ್ನು ನುಂಗಿಕೊಂಡಳು. “ನಾ ನಿಮ್ಮ ಹೇಣ್ತಿ,” ಎಂದಳು, ಅಷ್ಟೇ. ಅಷ್ಟು ಸಾಲದೆಂದು ರಾಚಪ್ಪ ಸೋಮವಾರ ಬೆಳಗ್ಗೆ ಬಂಡಿ ಹೂಡಿದ.

ಬಾಗಿಲ ಮುಂದೆ ಬಂಡಿ ನಿಂತಿತ್ತು. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಲಾಡಬಿ ತನ್ನಿಂದಲೇ ಇಷ್ಟೆಲ್ಲ ಆಯಿತೆಂದು ತಲೆ ತಗ್ಗಿಸಿ ನಿಂತಿದ್ದಳು. ಗುರುಲಿಂಗವ್ವ ಬಟ್ಟೆಯ ಗಂಟು ಹಿಡಿದು ಹೊಸ್ತಿಲು ದಾಟುವಾಗ ಅಮಾತೆಪ್ಪ ಮಗ್ಗದ ಕುಣಿಯಿಂದ ಎದ್ದು ಬಂದ. ಗೋಡೆಯ ಕಡೆ ತಿರುಗಲಿಲ್ಲ, ನೇರವಾಗಿ ಸೊಸೆಯ ಪಕ್ಕಕ್ಕೆ ಬಂದು ನಿಂತ.

“ಎತ್ತು ಬಿಚ್ಚು, ರಾಚಪ್ಪ. ತಪ್ಪು ಈ ಹುಡುಗೀದಲ್ಲ, ನಂದು. ಒಂದಿನ ರೂಢಿಗೆ ಬಾಯಿ ತಪ್ಪಿ ನಿಮ್ಮವ್ವನ್ನ ಕರದೆ. ಈಕಿ ಹೂಂ ಅಂದ್ಲು. ಕೂಸು ಹೋದ ಸಂಕಟಕ್ಕ ಈಕಿ ತಲಿ ಕೆಟ್ಟೈತಿ, ತಾನ ಅತ್ತಿ ಅಂತ ತಿಳಕೊಂಡಾಳ ಅಂತ ನನಗ ಗೊತ್ತಾತು. ಅಲ್ಲ ಅಂದ್ರ ಜೀವಕ್ಕ ಏನರ ಮಾಡ್ಕೊಂಡಾಳು ಅಂತ ಅಂಜಿ ಹಂಗ ಕರಕೋತ ಬಂದೆ. ನನ್ನ ಹೇಣ್ತಿನ್ನ ನನ್ನ ಕೈಯಾರೆ ಮಣ್ಣ ಮಾಡೇನಿ. ಆಕಿ ಸತ್ತಾಳ ಅನ್ನೂದು ನನಗ ಗೊತ್ತಿಲ್ಲೇನು?”

ಗುರುಲಿಂಗವ್ವನ ಮುಸುಕು ಜಾರಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಮಾವನ ಮುಖ ನೋಡಿ ತನ್ನ ಸ್ವಂತ ದನಿಯಲ್ಲಿ ಕೇಳಿದಳು: “ನಾ ಹುಚ್ಚಿ ಅಂತ ತಿಳಕೊಂಡಿದ್ರೇನ್ರಿ?”

“ಮತ್ತ?”

“ಹುಚ್ಚು ನಿಮಗ ಹಿಡದೈತಿ ಅಂತ ನಾ ತಿಳಕೊಂಡಿದ್ದೆ.”

ರಾಚಪ್ಪ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಯಾರನ್ನು ಕಟ್ಟಬೇಕೋ ಯಾರನ್ನು ಕಳಿಸಬೇಕೋ ತಿಳಿಯದೆ ನೊಗ ಹಿಡಿದು ನಿಂತ. ಲಾಡಬಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅಕ್ಕ ಮಾತ್ರ ಈ ಮನೆಯಲ್ಲಿ ಹುಚ್ಚರು ಒಬ್ಬರಲ್ಲ, ಇಬ್ಬರು ಎಂದು ಸಾರಿದಳು. ಹೂಡಿದ ಬಂಡಿ ಖಾಲಿ ನಿಲ್ಲಬಾರದೆಂದು ಅದರಲ್ಲಿ ಅವಳನ್ನೇ ಶಿರೂರಿಗೆ ಕಳಿಸಿದರು.

ಇಬ್ಬರಿಗೂ ತಲೆ ನೆಟ್ಟಗಿದೆ ಎಂದು ಊರಿಗೆ ಗೊತ್ತಾಯಿತು. ಸಂತೋಷ! ಮುಂದಿನ ಸಲ ಕೊಂಡಿಗೆ ಕೂತಾಗ ಮಾತೇ ಇಲ್ಲ. ಶಾಣ್ಯಾ ಮಾವ, ಶಾಣ್ಯಾ ಸೊಸೆ, ಹೇಗೆ ಮಾತಾಡಿಯಾರು? ಅವನು ಎಳೆ ಚಾಚುತ್ತಿದ್ದ, ಅವಳು ಮುಸುಕಿನೊಳಗಿಂದ ತಡಕಾಡುತ್ತಿದ್ದಳು. ಮಧ್ಯಾಹ್ನದೊಳಗೆ ಎಳೆಗಳು ಮತ್ತೆ ಕಲಸಿಹೋದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಾಚಪ್ಪ, ಕೊಂಡಿಗೆ ಹಿಂದಿನ ಓಣಿಯ ಅಂದಪ್ಪನನ್ನು ಕರೆಯೋಣ ಎಂದ. ಗುರುಲಿಂಗವ್ವನಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ಹುಚ್ಚನೆಂದು ತಿಳಿದು ಕರುಳಿನ ಮಾತೆಲ್ಲ ಆಡಿದ್ದಾಯಿತು, ಈಗ ಬುದ್ಧಿ ನೆಟ್ಟಗಿದೆ ಎಂದು ತಿಳಿದು ಬಾಯಿ ಹೊಲಿದುಕೊಂಡು ಕೂರಬೇಕೆ? ಇದ್ಯಾವ ಸೀಮೆಯ ಶಾಣ್ಯಾತನ!

ಅವಳು ಮುಸುಕು ಹಿಂದಕ್ಕೆ ಸರಿಸಿದಳು. “ಮಾವಾರ, ಎಳಿ ಹಿಡೀರಿ. ನಾ ಗುರುಲಿಂಗವ್ವ ಮಾತಾಡಾಕತ್ತೇನಿ.”

ಅಮಾತೆಪ್ಪ ಎಳೆ ಹಿಡಿದ. “ಹೂಂ, ಗುರುಲಿಂಗವ್ವ,” ಎನ್ನಲು ಹೋದ. ಹೆಸರು ಅರ್ಧಕ್ಕೇ ನಿಂತಿತು. ಹೆಂಡತಿ ಸತ್ತದ್ದು ಗೊತ್ತಿಲ್ಲವೇ ಎಂದು ಓಣಿಯಲ್ಲಿ ನಿಂತು ಹೇಳಿದ್ದ ಮನುಷ್ಯ ಎದುರಿನ ಜಾಗವನ್ನು ಆಗತಾನೇ ಕಂಡವನ ಹಾಗೆ ನೋಡಿದ.

“ಹಂಗಾರ ಆಕಿ ಇನ್ನ ಬರೂದಿಲ್ಲ,” ಎಂದ.

“ಇಲ್ಲರಿ,” ಎಂದಳು ಗುರುಲಿಂಗವ್ವ. “ನನ್ನ ಕೂಸೂ ಬರೂದಿಲ್ಲ.”

ಇಬ್ಬರೂ ಎಳೆ ಕೈಬಿಟ್ಟು ಅತ್ತರು. ರಾಚಪ್ಪ ಬಾಗಿಲಲ್ಲೇ ನಿಂತಿದ್ದ. ಪ್ಲೇಗಿನ ಆ ತಿಂಗಳು ಸತ್ತವರಲ್ಲಿ ಒಬ್ಬಳು ಅವನ ತಾಯಿ, ಇನ್ನೊಬ್ಬ ಅವನ ಮಗ. ಅವನನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ. ಅವನು ಒಳಗೆ ಬಂದು ಅವರಿಬ್ಬರ ಪಕ್ಕದಲ್ಲಿ ಕೂತುಕೊಂಡ.