ಸೇತುವೆಯಿಂದ ವಾಪಸ್

ಸೇತುವೆ ಸ್ಟಾಪಿನ ಕಂಟ್ರೋಲರನನ್ನು ಬೈಯದೆ ಮನೆ ಸೇರಿದವರು ಆ ರೂಟಿನಲ್ಲಿ ಯಾರೂ ಇರಲಿಲ್ಲ. ಹೊಟ್ಟೆ ಮುಂದೆ, ಸೀಟಿ ಬಾಯಲ್ಲಿ, ಮುಖ ಸದಾ ಗಂಟು. ಊರಿನ ಬಸ್ಸುಗಳನ್ನೆಲ್ಲ ತಾನೇ ಹೆತ್ತು ಸಾಕಿದವನಂತೆ ತಗಡಿನ ಗೂಡಿನ ಮುಂದೆ ನಿಂತಿರುತ್ತಿದ್ದ. ಡ್ರೈವರುಗಳು ಅವನಿಗೆ ‘ವಾಪಸ್ ಸಾಹೇಬ’ ಎಂದು ಹೆಸರಿಟ್ಟಿದ್ದರು.

ಹೆಸರು ಬಿದ್ದದ್ದು ಹೀಗೆ. ಬಸ್ಸು ಹೊತ್ತಿಗೆ ಸರಿಯಾಗಿ ಓಡಬೇಕು, ಇಲ್ಲದಿದ್ದರೆ ನಿನ್ನನ್ನು ಡಿಪೋದ ಟೈರ್ ಗೋದಾಮಿಗೆ ಹಾಕುತ್ತೇವೆ ಎಂದು ಮೇಲಿನವರು ಗದರಿದರು. ಅಲ್ಲಿಗೆ ಹೋದವರು ತಿರುಗಿ ಬಂದದ್ದಿಲ್ಲ. ಇವನು ತಲೆ ಓಡಿಸಿದ. ಬಸ್ಸಿನ ಹೊತ್ತು ಬರೆದುಕೊಳ್ಳುವುದು ಊರೊಳಗಿನ ನಿಲ್ದಾಣದಲ್ಲಿ ಮಾತ್ರ. ಹಾಗಿದ್ದಮೇಲೆ ತಡವಾದ ಬಸ್ಸು ಕೊನೆಯ ಸ್ಟಾಪಿನವರೆಗೆ ಹೋಗುವ ದರ್ದೇನು? ಸೇತುವೆಯ ಹತ್ತಿರವೇ ಜನರನ್ನು ಇಳಿಸಿ ಬಸ್ಸು ತಿರುಗಿಸಿದರಾಯಿತು, ನಿಲ್ದಾಣ ಮುಟ್ಟುವ ಹೊತ್ತಿಗೆ ಲೆಕ್ಕ ಸರಿಹೋಗುತ್ತದೆ. ಸೇತುವೆಯಾಚೆಯವರು ಧೂಳು ಕುಡಿದುಕೊಂಡು ನಡೆಯಲಿ.

ತಮಾಷೆಯೆಂದರೆ, ಅವನ ಮನೆಯೂ ಸೇತುವೆಯಾಚೆಗೇ ಇತ್ತು. ಆದರೆ ಅವನು ಹತ್ತುತ್ತಿದ್ದ ಕಡೇ ಬಸ್ಸು ಕೊನೆಯ ಸ್ಟಾಪಿನಲ್ಲೇ ತಂಗುವಂಥದ್ದು, ಅದನ್ನು ತಿರುಗಿಸುವ ಮಾತೇ ಇರಲಿಲ್ಲ. ನಡೆಯಬೇಕಾದವಳು ಅವನ ಅಕ್ಕ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು, ಗಂಡ ತೀರಿಕೊಂಡ ಮೇಲೆ ಅವನ ಜೊತೆಗೇ ಇದ್ದವಳು, ಆಸ್ಪತ್ರೆಯ ನೆಲ ಒರೆಸಿ ಒರೆಸಿ ಮಂಡಿ ಸವೆಸಿಕೊಂಡವಳು.

ಒಂದು ಸಂಜೆ ಅಕ್ಕ ಸೀಟು ಬಿಟ್ಟು ಏಳಲಿಲ್ಲ.

“ಇಳಿಯಮ್ಮ, ಬಸ್ ಮುಂದಕ್ಕೆ ಹೋಗಲ್ಲ” ಎಂದ, ಯಾರೋ ಹೊರಗಿನವಳಿಗೆ ಹೇಳುವಂತೆ.

“ನಾನು ಕಣೋ, ನಿನ್ನ ಅಕ್ಕ. ಮಂಡಿ ಊದ್ಕೊಂಡಿದೆ. ಇವತ್ತೊಂದಿನ ಬಿಡೋ.”

ಬಸ್ಸಿನಲ್ಲಿದ್ದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅಕ್ಕನಿಗೆಂದು ಬಸ್ಸು ಮುಂದೆ ಬಿಟ್ಟರೆ ನಾಳೆ ಎಲ್ಲರೂ ಅಲ್ಲಾಡದೆ ಕೂತುಬಿಡುತ್ತಾರೆ. ಟೈರ್ ಗೋದಾಮು ಕಣ್ಣಮುಂದೆ ಬಂತು.

“ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ” ಎಂದು ಸೀಟಿ ಊದಿದ. ಎಂಥ ರೂಲ್ಸು, ಮಣ್ಣಾಂಗಟ್ಟಿ! ಅವನೇ ಹುಟ್ಟಿಸಿದ್ದು. ಅಕ್ಕ ಕಂಬಿ ಹಿಡಿದು ಇಳಿದಳು. ಅಂದಿನಿಂದ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಓಡುವ ರೂಟೆಂದು ಹೊಗಳಿಕೆ ಬಂತು. ಮೇಲಧಿಕಾರಿಯೇ ಬಂದು ಬೆನ್ನು ತಟ್ಟಿದರು. “ಆದ್ರೆ ಸೇತುವೆಯಾಚೆಗೆ ಟಿಕೆಟ್ಟೇ ಹೋಗ್ತಿಲ್ಲ ಕಣಯ್ಯ. ಮುಂದಿನ ವಾರದಿಂದ ಎಲ್ಲಾ ಬಸ್ಸೂ ಇಲ್ಲಿಗೇ ಕೊನೆ.”

“ಕಡೇ ಬಸ್ಸು, ಸಾರ್?”

“ಅದೂನೂ.”

“ಅಲ್ಲಿ ಜನ ಇದ್ದಾರೆ ಸಾರ್...”

“ಇದ್ರೆ ಟಿಕೆಟ್ ಯಾಕಿಲ್ಲ?”

ನಾನೇ ಇಳಿಸುತ್ತಿದ್ದೆ, ಅದಕ್ಕೇ ಜನ ಸೇತುವೆಯವರೆಗಷ್ಟೇ ಟಿಕೆಟ್ ತೆಗೆಯುತ್ತಾರೆ ಎಂದರೆ ಕುತ್ತಿಗೆಗೆ ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡ. ಕೆಲಸ ಉಳಿಯಿತು.

ಹೊಸ ಏರ್ಪಾಡಿನಲ್ಲಿ ಅವನ ಪಾಳಿ ಸಂಜೆಗೇ ಮುಗಿಯುತ್ತಿತ್ತು. ಮೊದಲ ದಿನ ಸೇತುವೆ ದಾಟಿದವರ ಜೊತೆ ಅವನೂ ನಡೆದ. ಅವನನ್ನು ಕಂಡವರು ರಸ್ತೆಯ ಆಚೆ ಬದಿಗೆ ಸರಿದರು. ಒಬ್ಬ ಮುದುಕ ಅವನ ಕಾಲಬುಡಕ್ಕೇ ಕ್ಯಾಕರಿಸಿ ಉಗಿದ. ಅಕ್ಕ ಕುಂಟುತ್ತ ಮುಂದೆ ಹೋಗುತ್ತಿದ್ದಳು. ದಾಪುಗಾಲು ಹಾಕಿ ಹೋಗಿ ಅವಳ ಚೀಲಕ್ಕೆ ಕೈಹಾಕಿದ. ಅವಳು ಕಿತ್ತುಕೊಂಡಳು.

“ನಾನೂ ನಡೀತಿದ್ದೀನಲ್ಲಕ್ಕ” ಎಂದ.

“ನಡಿ, ಬೇಡ ಅಂದೋರ್ಯಾರು? ನನ್ನನ್ಯಾಕೆ ನಡೆಸ್ದೆ?”